ಶಿಕಾಗೋದಲ್ಲಿ ಬರಿಗೈ, ಪೋರ್ಟ್ ವಾಷಿಂಗ್ಟನ್ನಲ್ಲಿ ಕಾಲ್ಬುಡದ ಮೀನು

ಭಾವ ಫೋನ್ ಮಾಡಿ "ಏ ಮಾರಾಯ, ಶನಿವಾರ ಬಾ, ಪೋರ್ಟ್ ವಾಷಿಂಗ್ಟನ್‌ಗೆ ಹೋಗಣ, ಟ್ರೌಟು ಮೀನು ದಂಡೆಗೆ ಬಂದಿದೆಯಂತೆ" ಅಂದಾಗ ನಂಗೆ ಹೋಗೋ ಮನಸ್ಸೇ ಇರ್ಲಿಲ್ಲ. ಯಾಕಂದ್ರೆ ಮೂರು ವಾರ ಹಿಂದಷ್ಟೇ, ಮಾರ್ಚ್ ಕೊನೇಲಿ, ಶಿಕಾಗೋದ ಮಾಂಟ್ರೋಸ್ ಹಾರ್ಬರಲ್ಲಿ ಒಬ್ನೇ ಐದು ಗಂಟೆ ನಿಂತು ಬರಿಗೈಲಿ ಬಂದಿದ್ದೆ. ಅವತ್ತಿನ ಕಥೆ ಮೊದ್ಲು ಹೇಳ್ಬಿಡ್ತೀನಿ.

ನಾನು ತೀರ್ಥಹಳ್ಳಿ ಕಡೆಯವ್ನು. ನಂಗೆ ಗೊತ್ತಿದ್ದ ಮೀನು ಹಿಡಿಯೋದು ಅಂದ್ರೆ ಬಿದಿರು ಕೋಲು, ಗಾಳ, ಗೊಬ್ಬರಗುಂಡಿಯಿಂದ ತೆಗೆದ ಎರೆಹುಳ, ಹೊಳೆ ಮಡುವಲ್ಲಿ ಬಿಟ್ಕೊಂಡು ಕೂತ್ರೆ ಆಯ್ತು. ದೊಡ್ಡ ಮೀನು ನೋಡ್ಬೇಕು ಅಂದ್ರೆ ಚಿಪ್ಪಲಗುಡ್ಡೆಗೆ ಹೋಗಿ ಮಂಡಕ್ಕಿ ಹಾಕೋದು, ಅದನ್ನ ಮುಟ್ಟೋ ಹಾಗಿಲ್ಲ, ದೇವರ ಮೀನು. ಅದೇ ವಿದ್ಯೆ ನೆಚ್ಕೊಂಡು ಅಂಗಡಿಯಿಂದ ಒಂದು ಡಬ್ಬಿ ಹುಳ, ಒಂದು ಸಣ್ಣ ರಾಡ್, ಕೆಂಪು ಬೆಂಡು ತಗೊಂಡು ಹೋದೆ. ಎದುರಿಗೆ ನೋಡಿದ್ರೆ ಸಮುದ್ರ! ಲೇಕ್ ಅಂತಾರೆ ಅಷ್ಟೇ, ಲೇಕ್ ಮಿಶಿಗನ್ ಐವತ್ತೆಂಟು ಸಾವಿರ ಚದರ ಕಿಲೋಮೀಟರ್, ನಮ್ ಇಡೀ ಕರ್ನಾಟಕದ ಕಾಲುಭಾಗಕ್ಕಿಂತ ಜಾಸ್ತಿ. ಇದ್ರಲ್ಲಿ ಮೀನು ಎಲ್ಲಿದೆ ಅಂತ ಯಾರನ್ನ ಕೇಳೋದು.

ಪಕ್ಕದಲ್ಲಿ ನಾಲ್ಕು ಜನ ಗ್ಯಾಸ್ ಸಿಲಿಂಡರ್ ಇಟ್ಕೊಂಡು ಡಂ ಅಂತ ಒಂದು ಸೀಸದ ತೂಕಾನ ದೂರಕ್ಕೆ ಹಾರಿಸ್ತಾ ಇದ್ರು, ಅದ್ರ ಹಿಂದೆ ದಾರ ಹೋಗುತ್ತೆ, ಆ ದಾರಕ್ಕೆ ಸಾಲಾಗಿ ಗಾಳಗಳು. ಪವರ್‌ಲೈನ್ ಅಂತಾರೆ, ಶಿಕಾಗೋ ದಂಡೆಯ ಹಳೇ ಚಾಳಿ. ಅದನ್ನ ನೋಡಿ ನನ್ ತಲೇಲಿ ಗಟ್ಟಿಯಾಗಿ ಕೂತಿದ್ದು ಏನು ಅಂದ್ರೆ, ಮೀನು ದೂರದಲ್ಲಿದೆ, ನನ್ ಕೈಗೆ ಎಟುಕಲ್ಲ. ಸರಿ, ಎಷ್ಟು ಬೀಸೋಕಾಗುತ್ತೋ ಅಷ್ಟು ಬೀಸಿ ಬೀಸಿ ಭುಜ ನೋಯಿಸ್ಕೊಂಡೆ. ಜೊತೆಗೆ ಇನ್ನೊಂದು ಪೆದ್ದುತನ, ಮಾರ್ಚ್ ಕೊನೇಲಿ ಹೋಗಿ ಇಡೀ ವರ್ಷದ ಮೀನು ಹಿಡಿಯೋ ಲೈಸೆನ್ಸ್ ತಗೊಂಡಿದ್ದೆ, ನೆಟ್ಟಗೆ ಓದೇ ಇರ್ಲಿಲ್ಲ, ಇಲ್ಲಿ ಆ ವರ್ಷ ಮುಗಿಯೋದೇ ಮಾರ್ಚ್ 31ಕ್ಕೆ. ನಾಲ್ಕು ದಿನಕ್ಕೆ ಒಂದು ವರ್ಷದ ದುಡ್ಡು! ನಾನು ಕ್ಲಿಕ್ ಮಾಡಿದ್ದು, ಯಾರನ್ನ ಬೈಯೋದು.

ಹಾಗಾಗಿ ಭಾವ ಕರೆದಾಗ ಮನಸ್ಸು ಹಿಂದೇಟು ಹಾಕ್ತು. ಆದ್ರೆ ಭಾವ ಕುಂದಾಪ್ರದವ್ರು, ಮೀನಿನ ವಿಷ್ಯದಲ್ಲಿ ಅವ್ರಿಗೆ ಇಲ್ಲ ಅನ್ನೋದು ಕಷ್ಟ, ಮೇಲಾಗಿ ಅಕ್ಕ ನೀರ್‌ದೋಸೆ ಮಾಡ್ತೀನಿ ಅಂದ್ಲು. ಶುಕ್ರವಾರ ರಾತ್ರಿ ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಗೆ, ಅವ್ರ ಮನೆಗೆ ತಲುಪಿದೆ. ಫ್ರಿಜ್ ತೆಗೆದ್ರೆ ಇಡ್ಲಿ ಹಿಟ್ಟಿನ ಪಕ್ಕ ಒಂದು ಗಾಜಿನ ಡಬ್ಬಿ, ಅದ್ರಲ್ಲಿ ಗುಲಾಬಿ ಬಣ್ಣದ ಗೋಲಿ ಗೋಲಿ. ಸಾಲ್ಮನ್ ಮೀನಿನ ಮೊಟ್ಟೆ! ಬಟಾಣಿಗಿಂತ ಸ್ವಲ್ಪ ಚಿಕ್ಕದು. ಭಾವ ಅದನ್ನ ಆರೇಳು ತಗೊಂಡು ಒಂದು ತೆಳು ನೈಲಾನ್ ಬಲೆ ಚೂರಲ್ಲಿ ಇಟ್ಟು, ತೇಲ್ಲಿ ಅಂತ ಒಂದೆರಡು ಸಣ್ಣ ಫೋಮ್ ಮಣಿ ಸೇರಿಸಿ, ದಾರ ಸುತ್ತಿ ಗಂಟು ಹಾಕ್ತಾ ಕೂತಿದ್ರು, ಥೇಟ್ ಮದುವೆ ಮನೇಲಿ ತಾಂಬೂಲ ಕಟ್ಟೋ ಹಾಗೆ. ಗಾಳಕ್ಕೆ ಸಿಗಿಸೋ ಈ ಎರೆಗೆ ಸ್ಪಾನ್ ಸ್ಯಾಕ್ ಅಂತಾರೆ. ಅಕ್ಕ ಹೇಳಿದ್ಲು, "ಈ ಡಬ್ಬಿ ಇನ್ನೊಂದು ವಾರ ಇಲ್ಲೇ ಇದ್ರೆ ನಾನೇ ತಗೊಂಡೋಗಿ ಲೇಕಿಗೆ ಹಾಕ್ತೀನಿ ನೋಡಿ."

ಲೈಸೆನ್ಸ್ ಈ ಸಲ ಸರಿಯಾಗಿ ನೋಡಿ ತಗೊಂಡೆ. ವಿಸ್ಕಾನ್ಸಿನ್ ಕಡೆ ಈ ಲೇಕಲ್ಲಿ ಟ್ರೌಟ್, ಸಾಲ್ಮನ್ ಹಿಡಿಯೋಕೆ ಬರೀ ಲೈಸೆನ್ಸ್ ಸಾಲಲ್ಲ, ಗ್ರೇಟ್ ಲೇಕ್ಸ್ (ಮಿಶಿಗನ್ ಸೇರಿದ ಐದು ದೊಡ್ಡ ಸರೋವರ) ಸ್ಟ್ಯಾಂಪ್ ಅಂತ ಹೆಚ್ಚುವರಿ ಪರವಾನಗಿ ಬೇರೆ ಬೇಕು, ಆದ್ರೆ ನನ್ನಂಥ ಹೊರಗಿನವ್ರಿಗೆ ಎರಡು ದಿನದ ಗ್ರೇಟ್ ಲೇಕ್ಸ್ ಲೈಸೆನ್ಸ್ ಅಂತ ಒಂದಿದೆ, ಸ್ಟ್ಯಾಂಪು ಅದ್ರಲ್ಲೇ ಸೇರಿರುತ್ತೆ. ಮೊದಲ ಸಲ ಹೋಗೋರಿಗೆ ಅದೇ ಸಾಕು.

ಬೆಳಗ್ಗೆ ನಾಲ್ಕೂವರೆಗೆ ಹೊರಟ್ವಿ. ಮಿಲ್ವಾಕಿಯಿಂದ ಉತ್ತರಕ್ಕೆ ಇಪ್ಪತ್ತೈದು ಮೈಲಿ, ಅರ್ಧ ಗಂಟೆ ದಾರಿ. ದಾರೀಲಿ ಭಾವ ಪಾಠ ಶುರು ಮಾಡಿದ್ರು, ನಿದ್ದೆಗಣ್ಣಲ್ಲೂ ಕೇಳೋ ಹಾಗಿತ್ತು. ಈ ಲೇಕಲ್ಲಿ ಸಾಲ್ಮನ್ ಮೂಲದಲ್ಲಿ ಇರ್ಲೇ ಇಲ್ವಂತೆ. ಇದ್ದಿದ್ದು ಲೇಕ್ ಟ್ರೌಟ್. ನಯಾಗರಾ ಜಲಪಾತ ತಪ್ಪಿಸಿ ಹಡಗು ಹೋಗ್ಲಿ ಅಂತ ವೆಲ್ಲಂಡ್ ಕಾಲುವೆ ಮಾಡಿದ್ರಲ್ಲ, ಆ ದಾರೀಲಿ ಸೀ ಲ್ಯಾಂಪ್ರೇ ಅನ್ನೋ ಹಾವಿನ ತರದ ರಕ್ತ ಹೀರೋ ಪ್ರಾಣಿ ಮೇಲಿನ ಲೇಕುಗಳಿಗೆ ನುಗ್ಗಿ ಟ್ರೌಟನ್ನ ಹತ್ತಿರ ಹತ್ತಿರ ಮುಗಿಸೇಬಿಡ್ತು. ತಿನ್ನೋ ದೊಡ್ಡ ಮೀನು ಇಲ್ದಾಗ ಏಲ್‌ವೈಫ್ ಅನ್ನೋ ಪುಟ್ಟ ಮೀನು, ನಮ್ ಬೂತಾಯಿ ನೆಂಟ ಅನ್ಕೊಳ್ಳಿ, ಕೋಟಿಗಟ್ಲೆ ಹೆಚ್ಚಿ 1967ರ ಬೇಸಿಗೇಲಿ ಸತ್ತು ದಂಡೆ ತುಂಬ ರಾಶಿ ಬಿದ್ದು ನಾತ. ಅದಕ್ಕೆ ಒಂದು ವರ್ಷ ಮೊದ್ಲೇ, 1966ರಲ್ಲಿ, ಮಿಶಿಗನ್ ರಾಜ್ಯದ ಹೋವರ್ಡ್ ಟ್ಯಾನರ್ ಅನ್ನೋ ಮೀನು ವಿಜ್ಞಾನಿ ಒರೆಗಾನಿಂದ ಕೋಹೋ ಸಾಲ್ಮನ್ ಮೊಟ್ಟೆ ತರಿಸಿ ಮರಿ ಮಾಡಿ ಹೊಳೆಗೆ ಬಿಡಿಸಿದ್ದ. ಪೆಸಿಫಿಕ್ ಸಮುದ್ರದ ಮೀನು ಸಿಹಿನೀರಲ್ಲೇ ಬೆಳೀತು, ಏಲ್‌ವೈಫ್ ತಿಂದು ಕೊಬ್ಬಿತು. ಬ್ರೌನ್ ಟ್ರೌಟೂ ಇಲ್ಲಿದಲ್ಲ, ಯುರೋಪಿಂದು. "ನಮ್ ಹಾಗೇ ಮಾರಾಯ, ಎಲ್ಲಾ ವಲಸೆ ಬಂದವ್ರೇ" ಅಂದ್ರು ಭಾವ. ಈ ಜೋಕನ್ನ ಅವ್ರು ಹಿಂದೆ ಎಷ್ಟು ಸಲ ಹೇಳಿರ್ಬೋದು ಅಂತ ನಾನು ಕೇಳ್ಲಿಲ್ಲ.

ಪೋರ್ಟ್ ವಾಷಿಂಗ್ಟನ್ ಗುಡ್ಡದ ಮೇಲೊಂದು ಚರ್ಚು, ಕೆಳಗೆ ಹಾರ್ಬರು, ಅಲೆತಡೆ ಗೋಡೆ ತುದೀಲಿ 1935ರ ಬಿಳಿ ಲೈಟ್‌ಹೌಸು, ದಕ್ಷಿಣಕ್ಕೆ ಒಂದು ಪವರ್ ಪ್ಲಾಂಟು. ಮೊದ್ಲು ಕಲ್ಲಿದ್ದಲು, ಈಗ ಗ್ಯಾಸು. ನಾವು ಬಂದಿದ್ದೇ ಅದಕ್ಕೋಸ್ಕರ. ಪ್ಲಾಂಟು ಲೇಕಿನ ನೀರು ಎಳ್ಕೊಂಡು ಯಂತ್ರ ತಣ್ಣಗೆ ಮಾಡ್ಕೊಂಡು ಬೆಚ್ಚಗಿನ ನೀರನ್ನ ವಾಪಸ್ ಬಿಡುತ್ತೆ. ಏಪ್ರಿಲಲ್ಲಿ ಇಡೀ ಲೇಕು ನಾಲ್ಕು ಡಿಗ್ರಿ ಸೆಲ್ಸಿಯಸ್ ಆಸುಪಾಸಲ್ಲಿ ಮರಗಟ್ಟಿರುತ್ತೆ, ಎರಡು ಮೂರು ಡಿಗ್ರಿ ಜಾಸ್ತಿ ಇರೋ ಜಾಗ ಸಿಕ್ರೆ ಪುಟ್ಟ ಮೀನು ಅಲ್ಲಿಗೆ ಸೇರುತ್ತೆ, ಅದ್ರ ಹಿಂದೆ ಟ್ರೌಟು. ಪ್ಲಾಂಟ್ ಇಲ್ದೇ ಇದ್ರೂ ಲೆಕ್ಕ ಅದೇ. ದಂಡೆ ಹತ್ರ ಆಳ ಕಮ್ಮಿ, ಬಿಸಿಲಿಗೆ ಅಲ್ಲೇ ಮೊದ್ಲು ಕಾಯೋದು. ಹೊಳೆ ಸೇರೋ ಕಡೆ ಸ್ವಲ್ಪ ಮಣ್ಣು ನೀರು ಬಂದ್ರೆ ಇನ್ನೂ ಒಳ್ಳೇದು. ಜೂನ್ ಬಂತು ಅಂದ್ರೆ ದಂಡೆ ನೀರು ಇವಕ್ಕೆ ಸೆಕೆ, ಆಳಕ್ಕೆ ಹೋಗ್ತವೆ, ಆಮೇಲೆ ಬೋಟ್ ಇದ್ದವ್ರಿಗೆ ಮಾತ್ರ. ಅಂದ್ರೆ ನಮ್ಮಂಥ ಕಾಲ್ನಡಿಗೆಯವ್ರಿಗೆ ವರ್ಷದಲ್ಲಿ ಆರೇಳು ವಾರ ಅಷ್ಟೇ, ಅದೂ ಚಳೀಲಿ.

ಚಳಿ ಅಂದ್ರೆ, ರಾಡಿನ ಉಂಗುರದಲ್ಲಿ ನೀರು ಮಂಜುಗಟ್ಟೋ ಚಳಿ. ಭಾವ ಎರಡು ರಾಡ್ ತಂದಿದ್ರು, ಒಂಬತ್ತು ಅಡಿ, ಎಂಟು ಪೌಂಡ್ ಎಳೆತ ತಡೆಯೋ ದಾರ. ಒಂದಕ್ಕೆ ಸ್ಪಾನ್ ಸ್ಯಾಕ್: ದಾರದಲ್ಲಿ ಜಾರೋ ಸೀಸ, ಕೆಳಗೆ ಸ್ವಿವಲ್ ಅನ್ನೋ ತಿರುಗೋ ಕೊಂಡಿ, ಅಲ್ಲಿಂದ ಎರಡು ಮೂರು ಅಡಿ ಲೀಡರ್ ಅನ್ನೋ ತೆಳು ದಾರ, ತುದೀಲಿ ಸಣ್ಣ ಕೊಕ್ಕೆ. ಸೀಸ ತಳದಲ್ಲಿ ಕೂರುತ್ತೆ, ಮೊಟ್ಟೆ ಪೊಟ್ಟಣ ಸ್ವಲ್ಪ ಮೇಲೆ ತೇಲುತ್ತೆ, ಮೀನು ಎಳೆದ್ರೂ ಸೀಸದ ಭಾರ ಗೊತ್ತಾಗಲ್ಲ. ರಾಡನ್ನ ಕಂಬಿಗೆ ಒರಗಿಸಿ ತುದಿಗೆ ಒಂದು ಗಂಟೆ ಸಿಗಿಸಿದ್ರು. ಇನ್ನೊಂದು ನನ್ ಕೈಗೆ, ಅದಕ್ಕೆ ಬೆಳ್ಳಿ-ನೀಲಿ ಸ್ಪೂನು. ಚಮಚದ ಹಿಡಿ ಮುರಿದು ಕೊಕ್ಕೆ ಸಿಗಿಸಿದ ಹಾಗಿರುತ್ತೆ, ಎಳೀವಾಗ ತೊನೀತಾ ಬರುತ್ತೆ.

ನಾನು ಮತ್ತೆ ಅದೇ, ಲೈಟ್‌ಹೌಸಿಗೆ ಮುಟ್ಟಿಸೋನ ಹಾಗೆ ಬೀಸೋದು. ಒಂದು ಗಂಟೆ ಬೀಸಿದೆ. ಪಕ್ಕದಲ್ಲಿ ಬಕೆಟ್ ಮೇಲೆ ಕೂತಿದ್ದ ಒಬ್ಬ ಅಜ್ಜ, ಎಪ್ಪತ್ತರ ಮೇಲಿರ್ಬೋದು, ಸುಮ್ನೆ ನೋಡ್ತಾ ಇದ್ದೋನು ಕೊನೆಗೆ ತಡೀಲಾರ್ದೇ ಎದ್ದು ಬಂದ. ಗೋಡೆ ಉದ್ದಕ್ಕೆ ಹಾಕು, ಕಲ್ಲಿಗೆ ಸಮಾನಾಂತರ, ಮೀನು ನಿನ್ ಬೂಟಿನ ಕೆಳಗೆ ಓಡಾಡ್ತಿದೆ, ನೀನು ಅದ್ರ ತಲೆ ಮೇಲಿಂದ ಆಚೆ ಎಸೀತಿದ್ದೀಯ ಅಂದ. ಇನ್ನೊಂದು ಹೇಳ್ದ, ಸ್ಪೂನನ್ನ ಕೊನೇ ಅಡಿವರೆಗೂ ನಿಧಾನಕ್ಕೆ ಎಳಿ, ಮೇಲೆತ್ತೋ ಮುಂಚೆ ಒಂದು ಕ್ಷಣ ನಿಲ್ಸು. ತಣ್ಣೀರಲ್ಲಿ ಮೀನಿಗೂ ಸೋಮಾರಿತನ, ಹಿಂದೆ ಹಿಂದೆ ಬರುತ್ತೆ, ಕೊನೇಲಿ ಮನಸ್ಸು ಮಾಡುತ್ತೆ.

ಮೂರನೇ ಎಸೆತಕ್ಕೆ, ಸ್ಪೂನು ಕಾಲ್ಬುಡದಲ್ಲಿ ಕಾಣ್ತಾ ಇದೆ, ಎತ್ತೋಣ ಅಂತಿದ್ದೆ, ಕಲ್ಲಿನ ಸಂದಿಯಿಂದ ಒಂದು ಚಿನ್ನದ ಬಣ್ಣದ ಹೊರಳು. ಕೈ ಜಗ್ಗಿ ಹೋಯ್ತು. ಆಮೇಲೆ ಪಟ್ ಅಂತ ಸದ್ದು, ಅಷ್ಟೇ, ದಾರ ಗಾಳೀಲಿ. ರೀಲಿನ ಡ್ರಾಗ್, ಅಂದ್ರೆ ಅದ್ರ ಬ್ರೇಕನ್ನ, ಬಿಗಿಯಾಗಿ ತಿರುಗಿಸಿ ಇಟ್ಟಿದ್ದೆ, ಮೀನು ಓಡಿದ್ರೆ ರೀಲು ದಾರ ಬಿಡ್ಬೇಕು, ಬಿಡ್ಲಿಲ್ಲ, ಕಿತ್ತೋಯ್ತು. ಬಿದಿರು ಕೋಲಲ್ಲಿ ಡ್ರಾಗ್ ಎಲ್ಲಿತ್ತು ಸ್ವಾಮಿ! ಭಾವ ಏನೂ ಅನ್ಲಿಲ್ಲ, ಹೊಸ ಸ್ಪೂನ್ ಕಟ್ಕೊಟ್ರು, ದಾರ ಕೈಯಲ್ಲಿ ಎಳೆದು ನೋಡಿ ಡ್ರಾಗ್ ಸಡ್ಲ ಮಾಡಿದ್ರು. ಏನಾದ್ರೂ ಅಂದಿದ್ರೇ ವಾಸಿ ಇತ್ತು.

ಆಮೇಲೆ ಒಂದೂವರೆ ಗಂಟೆ ಏನೂ ಇಲ್ಲ. ಫ್ಲಾಸ್ಕಿನ ಕಾಫಿ, ಚಪಾತಿ ರೋಲು. ಅಲೆತಡೆ ಗೋಡೆ ತುದಿವರೆಗೆ ಹೋಗಿ ಬರೋಣ್ವಾ ಅಂದೆ, ಭಾವ ಬೇಡ ಅಂದ್ರು, ಗಾಳಿ ಪೂರ್ವಕ್ಕೆ ತಿರುಗ್ತಾ ಇತ್ತು, ಲೇಕ್ ಕಡೆಯಿಂದ ಬೀಸಿದ್ರೆ ಅಲೆ ಗೋಡೆ ಹತ್ತುತ್ತೆ, ಈ ನೀರಿಗೆ ಬಿದ್ರೆ ಈಜು ಬಂದವ್ನಿಗೂ ಕೆಲವೇ ನಿಮಿಷದಲ್ಲಿ ಕೈಕಾಲು ಆಡಲ್ಲ. ಇದೊಂದು ವಿಷ್ಯದಲ್ಲಿ ಯಾರ ಹತ್ರನೂ ಧೈರ್ಯ ತೋರ್ಸೋಕೆ ಹೋಗ್ಬೇಡಿ.

ಅಷ್ಟರಲ್ಲಿ ಗಂಟೆ ಕಿಣಿಕಿಣಿ! ಭಾವ ಓಡಿ ರಾಡ್ ಎತ್ತಿ ನನ್ ಕೈಗೆ ತುರುಕಿದ್ರು, "ಹಿಡ್ಕೋ, ಎಳೀಬೇಡ, ಓಡ್ಲಿ ಬಿಡು, ಓಡ್ಲಿ." ರೀಲು ಕಿರ್ರ್ ಅಂತ ದಾರ ಬಿಡ್ತಾ ಹೋಯ್ತು, ನಿಂತ್ರೆ ನಾನು ಸುತ್ತೋದು, ಓಡಿದ್ರೆ ಬಿಡೋದು, ಹತ್ತು ನಿಮಿಷ ಹಗ್ಗಜಗ್ಗಾಟ. ಮೀನು ಗೋಡೆ ಕೆಳಗೆ ಬಂತು, ನೋಡಿದ್ರೆ ನಮ್ ನೆಟ್ಟಿನ ಹಿಡಿ ಮೋಟು, ನೀರಿಗೆ ಎಟುಕಲ್ಲ. ಭಾವ ಕಾಂಕ್ರೀಟ್ ಮೇಲೆ ಬೋರಲು ಮಲಗಿದ್ರು, ನಾನು ಒಂದು ಕೈಲಿ ರಾಡು, ಒಂದು ಕಾಲಿಂದ ಅವ್ರ ಜಾಕೆಟ್ ತುಳ್ಕೊಂಡು ನಿಂತೆ, ಆಗ ಅಜ್ಜ ತನ್ನ ಉದ್ದ ಹಿಡಿ ನೆಟ್ ತಂದು ಒಂದೇ ಏಟಿಗೆ ಎತ್ತಿದ. ದಂಡೆ ಮೇಲಿಂದ ಹಿಡಿಯೋರು ರಾಡಿಗೆ ಹಾಕೋ ದುಡ್ಡಲ್ಲಿ ಸ್ವಲ್ಪ ಉಳಿಸಿ ಉದ್ದ ಹಿಡಿ ನೆಟ್ ತಗೊಳ್ಳಿ, ನನ್ ಮಾತು ಕೇಳಿ.

ಬ್ರೌನ್ ಟ್ರೌಟು, ಐದು ಪೌಂಡ್ ಚಿಲ್ರೆ. ಮೈ ತುಂಬ ಕಪ್ಪು ಚುಕ್ಕಿ, ಬೆನ್ನು ಕಂದು, ಹೊಟ್ಟೆ ಬೆಣ್ಣೆ ಬಣ್ಣ. 2010ರಲ್ಲಿ ಇಲ್ಲೇ ದಕ್ಷಿಣಕ್ಕೆ ರೇಸೀನ್ ಹತ್ರ 41 ಪೌಂಡಿಂದು ಸಿಕ್ಕಿತ್ತಂತೆ, ಅದು ಇದ್ರ ಮುತ್ತಜ್ಜ ಇರ್ಬೇಕು. ಒಂದು ಗಂಟೆ ಬಿಟ್ಟು ಭಾವಂಗೆ ಬೆಳ್ಳಿ ತರ ಹೊಳೆಯೋದೊಂದು ಸಿಕ್ತು, ಚಿಕ್ದು. ಬಾಯಿ ತೆಗೆದು ತೋರಿಸಿದ್ರು, ಹಲ್ಲಿನ ಬುಡ ಬೆಳ್ಳಗಿದೆ ಹಾಗಾಗಿ ಕೋಹೋ, ಚಿನೂಕ್ ಅನ್ನೋ ಇನ್ನೊಂದು ಜಾತಿ ಸಾಲ್ಮನ್ ಆಗಿದ್ರೆ ಬಾಯೆಲ್ಲ ಮಸಿ. ಒಬ್ಬೊಬ್ಬರಿಗೆ ದಿನಕ್ಕೆ ಐದು ಮೀನು ಮಿತಿ, ನಮ್ಗೆ ಆ ಚಿಂತೆ ಬರ್ಲೇ ಇಲ್ಲ.

ಮನೇಲಿ ಭಾವ ಚರ್ಮ, ಹೊಟ್ಟೆ ಕೊಬ್ಬು ಎಲ್ಲಾ ಕತ್ತರಿಸಿ ತೆಗೆದ್ರು. ಲೇಕಲ್ಲಿ ಹಳೇ ಕಾರ್ಖಾನೆ ಕಾಲದ ಪಿಸಿಬಿ ಅನ್ನೋ ವಿಷ ಇನ್ನೂ ಇದೆ, ಅದು ಕೊಬ್ಬಲ್ಲಿ ಕೂತಿರುತ್ತೆ, ಇಲ್ಲಿನ ದೊಡ್ಡ ಮೀನು ಅಪರೂಪಕ್ಕೆ ತಿನ್ಬೇಕು, ಬಸುರಿಯರು, ಮಕ್ಕಳು ಇನ್ನೂ ಹುಷಾರಾಗಿರ್ಬೇಕು. ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿ ಅರೆದು ಹಚ್ಚಿ ಕಾವ್ಲಿ ಮೇಲೆ ಹುರಿದ್ರು. ಬಂಗುಡೆ ಅಲ್ಲ, ಆದ್ರೆ ನೀರ್‌ದೋಸೆಗೆ ಸರಿಹೋಯ್ತು.

ಭಾನುವಾರ ಅಪ್ಪಯ್ಯಂಗೆ ವಿಡಿಯೋ ಕಾಲ್ ಮಾಡಿ ಫೋಟೋ ತೋರಿಸ್ದೆ. ಮಳೆಗಾಲದ ಮೊದಲ ನೆರೆಗೆ ಗದ್ದೆಗೆ ಹತ್ತುಮೀನು ಹತ್ತುವಾಗ ರಾತ್ರಿಯೆಲ್ಲಾ ಟಾರ್ಚ್ ಹಿಡ್ಕೊಂಡು ಕೂಣಿ, ಅಂದ್ರೆ ಮೀನು ಬೀಳೋ ಬೋನು, ಕಾಯ್ತಿದ್ದೋರು ಅವ್ರು. ಎಲ್ಲಿ ಹಿಡಿದ್ಯೋ ಅಂದ್ರು. ಗೋಡೆ ಬುಡದಲ್ಲಿ ಅಂದೆ. "ಮತ್ತೆ, ಇನ್ನೆಲ್ಲಿರುತ್ತೆ? ಮೀನು ಯಾವಾಗ್ಲೂ ಅಂಚಲ್ಲೇ ಅಲ್ವನೋ ಹತ್ತೋದು" ಅಂದು ಫೋನನ್ನ ಅಮ್ಮನ ಕೈಗೆ ಕೊಟ್ರು. ಅಮ್ಮ ಕೇಳಿದ್ದು, ಟೋಪಿ ಹಾಕ್ಕೊಂಡಿದ್ಯಾ ಅಂತ.

ಅಕ್ಕನ ಫ್ರಿಜ್ಜಲ್ಲಿ ಡಬ್ಬಿ ಇನ್ನೂ ಇದೆ, ಮುಂದಿನ ಶನಿವಾರದವರೆಗೆ ವಾಯಿದೆ ಸಿಕ್ಕಿದೆ.