‘ಒಬ್ಬ ಕೌನ್ಸೆಲರ್‌ನ ಕರೆಸಿದ್ರ ಸಾಕಲ್ರಿ?’

ಅಗ್ನಿಶಾಮಕ ಠಾಣೆಯವರಿರಲಿ, 108ರ ಸಿಬ್ಬಂದಿ ಇರಲಿ, ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಸರ, ದೊಡ್ಡ ಘಟನಾ ಆಗೇತಿ. ನಮ್ಮ ಹುಡುಗರು ನೋಡಬಾರದ್ದು ನೋಡ್ಯಾರ. ಒಬ್ಬ ಕೌನ್ಸೆಲರ್‌ನ ಕರೆಸಿ, ಎಲ್ಲಾರನ್ನೂ ಕುಂಡ್ರಿಸಿ ಮಾತಾಡಿಸಿದ್ರ ಸಾಕಲ್ರಿ?’

ಸಾಕಾಗುವುದಿಲ್ಲ. ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಕಂಡದ್ದನ್ನು ಸರದಿ ಪ್ರಕಾರ ಬಾಯಿ ಬಿಡಿಸುವ ಪದ್ಧತಿಗೆ ಡಿಬ್ರೀಫಿಂಗ್ ಅನ್ನುತ್ತಾರೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಗಿ ಎಲ್ಲ ಕಡೆ ಹಬ್ಬಿತು. ಆಮೇಲಿನ ಅಧ್ಯಯನಗಳಲ್ಲಿ ಇಂಥ ಒಂದೇ ಬೈಠಕ್ಕಿನಿಂದ ಆಘಾತದ ನಂತರ ತಿಂಗಳುಗಟ್ಟಲೆ ಕಾಡುವ ಕಾಯಿಲೆಯಾದ ಪಿಟಿಎಸ್‌ಡಿ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಯಾವ ಚಿಕಿತ್ಸೆ ಸರಿ ಎಂದು ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಇದನ್ನು ಮಾಡಬೇಡಿ ಎಂದೇ ಹೇಳುತ್ತದೆ. ಯಾಕೆಂದು ಊಹಿಸುವುದು ಕಷ್ಟವಲ್ಲ. ಹೊರಗೆ ಪಂಪ್ ನೋಡಿಕೊಂಡಿದ್ದವನು, ಒಳಗೆ ಹೋಗಿ ಬಂದವನ ಬಾಯಿಂದ ಪೂರ್ತಿ ವರ್ಣನೆ ಕೇಳಿ, ತಾನು ಕಾಣದ ದೃಶ್ಯವನ್ನೂ ಮನೆಗೆ ಹೊತ್ತುಕೊಂಡು ಹೋಗುತ್ತಾನೆ. ಮಾತಾಡಲು ಇನ್ನೂ ತಯಾರಿಲ್ಲದವನಿಗೆ ಒತ್ತಾಯವಾಗುತ್ತದೆ. ಹೋಸ್ ಎಲ್ಲಿ ಸಿಕ್ಕಿಕೊಂಡಿತು, ವಾಹನ ಯಾಕೆ ತಡವಾಯಿತು ಅನ್ನುವ ಕೆಲಸದ ಪರಿಶೀಲನೆ ಬೇರೆ. ಅದು ಇರಲೇಬೇಕು, ಆದರೆ ಅದನ್ನು ಮನಸ್ಸಿನ ವಿಚಾರಣೆಯ ಜೊತೆ ಬೆರೆಸಬಾರದು.

ಬೆಳಗಾವಿ, ವಿಜಯಪುರ, ಬಾಗಲಕೋಟೆ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಇಂಥ ಘಟನೆಗಳಿಗೆ ಬರವಿಲ್ಲ. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಕೊಳವೆಬಾವಿಗೆ ಬಿದ್ದ ಹುಡುಗಿಗಾಗಿ ಎರಡು ದಿನಕ್ಕೂ ಮೀರಿ ಅಗೆದರೂ ಜೀವ ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಸುಮಾರು ಇಪ್ಪತ್ತು ತಾಸಿನ ನಂತರ ಕೂಸು ಜೀವಂತ ಹೊರಗೆ ಬಂತು. ನಡುವೆ 2019ರ ಆಗಸ್ಟ್‌ನ ನೆರೆ, 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಗೋದಾಮಿನಲ್ಲಿ ಮೆಕ್ಕೆಜೋಳದ ಮೂಟೆಗಳ ಅಡಿಯಿಂದ ಏಳು ಕಾರ್ಮಿಕರ ಹೆಣ. ಕೂಸು ಬದುಕಿ ಬಂದಾಗ ಹಾರ ಹಾಕಿ ಮುಗಿಸಿಬಿಡುತ್ತಾರೆ. ಅಗೆದವರ ನಿದ್ದೆ ಅಲ್ಲಿಯೂ ಕೆಟ್ಟಿರುತ್ತದೆ.

ಆದರೆ ಜನರನ್ನು ಸವೆಸುವುದು ಈ ದೊಡ್ಡ ಘಟನೆಗಳಿಗಿಂತ ಪೇಪರಿನಲ್ಲಿ ಎರಡು ಸಾಲೂ ಆಗದ ಕರೆಗಳು: ಬಾವಿಗೆ ಬಿದ್ದ ತಾಯಿ-ಮಗು, ಕಾಲುವೆಯಲ್ಲಿ ಮೂರು ದಿನ ನೆನೆದ ಹೆಣ, ಹೆದ್ದಾರಿಯಲ್ಲಿ ನಜ್ಜುಗುಜ್ಜಾದ ಕ್ರೂಸರ್. ಮನೋರೋಗಗಳ ಕೈಪಿಡಿ ಡಿಎಸ್‌ಎಂ-5 (2013) ಮೃತರ ಅವಶೇಷ ಎತ್ತುವ ಸಿಬ್ಬಂದಿಯನ್ನೇ ಉದಾಹರಿಸಿ, ಮತ್ತೆ ಮತ್ತೆ ಇಂಥದ್ದಕ್ಕೆ ಒಡ್ಡಿಕೊಳ್ಳುವುದನ್ನೂ ಆಘಾತದ ಲೆಕ್ಕಕ್ಕೆ ಸೇರಿಸಿದೆ. ‘ನಮಗೆಲ್ಲಾ ರೂಢಿ ಆಗೇತ್ರಿ’ ಅನ್ನುವ ಹಿರಿಯರೇ ಹೆಚ್ಚು ಹೊತ್ತಿರುತ್ತಾರೆ.

ಕಾಳಜಿ ಶುರುವಾಗಬೇಕಾದದ್ದು ಒಳಗೆ ಕಾಲಿಡುವ ಮೊದಲೇ. ಇಳಿಸುವ ಮುನ್ನ ಎರಡು ಮಾತಿನಲ್ಲಿ ಹೇಳಿಬಿಡಿ: ‘ಒಳಗ ಎರಡು ಹೆಣ ಅದಾವು, ಒಂದು ಸಣ್ಣ ಕೂಸಿಂದು. ಅಡಗಿಮನ್ಯಾಗ, ಎಡಕ್ಕ.’ ಗೊತ್ತಿದ್ದು ಹೋದವನಿಗೆ ಬೀಳುವ ಪೆಟ್ಟು ಕಡಿಮೆ. ನಾಲ್ವರು ಸಾಕಾದರೆ ನಾಲ್ವರೇ ಹೋಗಲಿ. ಹೊಸ ಹುಡುಗನನ್ನು ‘ಧೈರ್ಯಾ ಬರಲಿ’ ಅಂತ ಮುಂದೆ ತಳ್ಳುವುದು, ಅದೇ ವಯಸ್ಸಿನ ಮಗಳಿರುವವನ ಕೈಗೆ ಕೂಸಿನ ಹೆಣ ಕೊಡುವುದು, ಎರಡೂ ಬೇಡ. ಮೇಲೆತ್ತಿದ ಕೂಡಲೇ ಬಟ್ಟೆ ಮುಚ್ಚಬೇಕು. ಮುಖ, ಕೈ ನೋಡುತ್ತ ನಿಲ್ಲಬಾರದು. ಕಿಸೆಯಲ್ಲಿನ ಮೊಬೈಲ್, ಆಧಾರ್ ಕಾರ್ಡ್, ಶಾಲೆಯ ಚೀಲ ಬಿಚ್ಚಿ ನೋಡುವ ಕೆಲಸ ಪಂಚನಾಮೆ ಮಾಡುವ ಪೊಲೀಸರದು. ಹೆಸರು, ತರಗತಿ, ಫೋಟೊ ತಿಳಿದ ಗಳಿಗೆಯಿಂದ ಆ ಹೆಣ ‘ನಮ್ಮ ಮಗಳಂಥಾಕಿ’ ಆಗಿಬಿಡುತ್ತದೆ, ರಾತ್ರಿ ಬಂದು ಕಾಡುವುದು ಆಕೆಯೇ. ಠಾಣೆಯ ವಾಟ್ಸಾಪ್ ಗುಂಪಿಗೆ ಸ್ಥಳದ ಫೋಟೊ ಹಾಕುವುದನ್ನಂತೂ ಇವತ್ತೇ ನಿಲ್ಲಿಸಿ. ರಜೆಯಲ್ಲಿದ್ದು ಪಾರಾದವನಿಗೆ ಮನೆಬಾಗಿಲಿಗೇ ಮುಟ್ಟಿಸಿದ ಹಾಗೆ ಅದು.

ಮರಳಿ ಬಂದ ಮೊದಲ ತಾಸಿನಲ್ಲಿ ಸ್ನಾನ, ಬಿಸಿ ಊಟ, ಮನೆಗೆ ಒಂದು ಫೋನ್ ಆದರೆ ಸಾಕು. ಠಾಣಾಧಿಕಾರಿ ಭಾಷಣ ಮಾಡಬೇಕಿಲ್ಲ: ‘ಇವತ್ತಿನ ಕೆಲಸ ಕಠಿಣ ಇತ್ತು. ಎರಡು-ಮೂರು ದಿನ ನಿದ್ದಿ ಬರದಿದ್ರ, ಊಟ ಸೇರದಿದ್ರ, ಕಣ್ಣಮುಂದ ಅದ ಬಂದ್ರ ಗಾಬರಿ ಆಗಬ್ಯಾಡ್ರಿ. ನಾಡಿದ್ದು ಒಬ್ಬೊಬ್ಬರನ್ನ ಮಾತಾಡಸ್ತೀವಿ.’ ‘ಗಂಡಸಾಗಿ ಅಳ್ತೀಯೇನಲೇ’ ಅನ್ನುವ ಮಾತು ಆ ತಾಸಿನಲ್ಲಿ ಬಂದರೆ, ಅವನು ಮತ್ತೆ ಯಾವತ್ತೂ ಬಾಯಿ ತೆರೆಯುವುದಿಲ್ಲ. ‘ಅವರ ಹಣಿಬರಾ ಅಷ್ಟ ಇತ್ತು’ ಅನ್ನುವುದೂ ಸಮಾಧಾನವಲ್ಲ.

ಆ ರಾತ್ರಿಯ ದೊಡ್ಡ ತಪ್ಪು ಎಣ್ಣೆ. ಕುಡಿದರೆ ಬೇಗ ಕಣ್ಣು ಮುಚ್ಚುತ್ತದೆ, ನಿಜ. ಆದರೆ ಅಮಲು ಇಳಿಯುವ ನಸುಕಿನ ಹೊತ್ತಿಗೆ ನಿದ್ದೆ ಹರಿದು, ಕೆಟ್ಟ ಕನಸು ಬೀಳುವುದೂ ಆಗಲೇ. ನಾಲ್ಕು ದಿನಕ್ಕೆ ನೈಂಟಿ ಹೋಗಿ ಕ್ವಾರ್ಟರ್ ಆಗುತ್ತದೆ. ಮೆಡಿಕಲ್ ಶಾಪಿನಿಂದ ತಂದ ನಿದ್ದೆಗುಳಿಗೆಯೂ ಅಷ್ಟೇ. ಆಲ್‌ಪ್ರಜೋಲಾಂ ಜಾತಿಯ ಗುಳಿಗೆಗಳನ್ನು ಆಘಾತವಾದ ಮೊದಲ ತಿಂಗಳಲ್ಲಿ ಆ ಲಕ್ಷಣಗಳಿಗೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ.

ಇನ್ನು ಆ ‘ನಾಡಿದ್ದು’. ಬ್ರಿಟನ್ನಿನ ರಾಯಲ್ ಮರೀನ್ಸ್ ಪಡೆಯಲ್ಲಿ ಬೆಳೆದ ಟ್ರಿಮ್ ಎಂಬ ಪದ್ಧತಿ ನಮ್ಮ ಠಾಣೆಗಳಿಗೂ ಒಗ್ಗುವಂಥದ್ದು. ಇಲ್ಲಿ ಮಾತಾಡಿಸುವುದು ಡಾಕ್ಟರಲ್ಲ, ತರಬೇತಿ ಪಡೆದ ಸಹೋದ್ಯೋಗಿ. ಘಟನೆಯಾಗಿ ಮೂರು ದಿನಕ್ಕೆ ಒಮ್ಮೆ, ತಿಂಗಳಿಗೆ ಇನ್ನೊಮ್ಮೆ. ಪ್ರತಿ ಠಾಣೆಗೆ ಇಬ್ಬರನ್ನು ಆರಿಸಿ. ಠಾಣಾಧಿಕಾರಿ ಬೇಡ, ರಜೆ ಅವರ ಕೈಯಲ್ಲಿರುವಾಗ ಯಾರೂ ಖರೆ ಹೇಳುವುದಿಲ್ಲ. ಹುಡುಗರು ಈಗಾಗಲೇ ‘ಅಣ್ಣಾ’ ಅಂತ ಹೋಗಿ ಕೂರುವ ಒಬ್ಬ ಹಿರಿಯ ಚಾಲಕನೋ ಪ್ರಮುಖ ಅಗ್ನಿಶಾಮಕನೋ ಇದ್ದೇ ಇರುತ್ತಾನೆ, ಅವನೇ ಸರಿ. ಒಬ್ಬೊಬ್ಬರನ್ನೇ, ಠಾಣೆಯ ಹಿಂದಿನ ಬೇವಿನ ಗಿಡದ ಕೆಳಗಾದರೂ ಆದೀತು, ಅರ್ಧ-ಮುಕ್ಕಾಲು ತಾಸು. ಹೋಗುವ ಮುಂಚೆ ಹೇಗಿದ್ದೆ, ಅಲ್ಲಿ ಏನಾಯಿತು, ಬಂದ ಮೇಲೆ ಹೇಗಿದ್ದಿ ಅನ್ನುವುದು ಸಾಕು. ರಕ್ತದ ವಿವರ ಕೆದಕಬಾರದು.

ತಿಂಗಳ ಭೇಟಿಯಲ್ಲಿ ಐದು ವಿಷಯ ಕೇಳಬೇಕು: ಬೇಡವೆಂದರೂ ಅದೇ ನೆನಪು, ಕನಸು ಬರುತ್ತದೆಯೇ; ಆ ರಸ್ತೆ, ಆ ಮಾತು ತಪ್ಪಿಸಿಕೊಂಡು ತಿರುಗುತ್ತಿದ್ದಾನೆಯೇ; ಬಾಗಿಲು ಬಡಿದರೂ ಬೆಚ್ಚುತ್ತಾನೆಯೇ; ಹೆಂಡತಿ-ಮಕ್ಕಳ ನಡುವೆ ಇದ್ದರೂ ದೂರ ಇದ್ದಂತೆ ಅನಿಸುತ್ತದೆಯೇ; ‘ನಾನ ತಡಾ ಮಾಡಿದೆ’ ಅನ್ನುವ ತಪ್ಪಿತಸ್ಥ ಭಾವ ಹೋಗುತ್ತಿಲ್ಲವೇ. ಮೂರಕ್ಕೆ ಹೌದು ಅಂದರೆ ಡಾಕ್ಟರ ಹತ್ತಿರ ಕಳಿಸಿ. ಮೂರು ದಿನದ ಉತ್ತರಕ್ಕಿಂತ ತಿಂಗಳ ಉತ್ತರ ಹಗುರಾಗಿರಬೇಕು. ಹಾಗೇ ಇದ್ದರೆ ಅಥವಾ ಹೆಚ್ಚಾಗಿದ್ದರೆ, ಎಣಿಕೆ ಎಷ್ಟೇ ಇರಲಿ, ಕಳಿಸುವುದೇ ಒಳ್ಳೆಯದು. ಆತ್ಮಹತ್ಯೆಯ ಬಗ್ಗೆ ನೇರ ಕೇಳಿ: ‘ಸಾಯಬೇಕು ಅನ್ನೋ ವಿಚಾರ ಬಂದೈತೇನು?’ ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡದೆ ಅವತ್ತೇ ದವಾಖಾನೆಗೆ ಕರೆದೊಯ್ಯಿರಿ, ಹೊಲಕ್ಕೆ ತಂದಿಟ್ಟ ಕ್ರಿಮಿನಾಶಕವನ್ನು ಮನೆಯಿಂದ ತೆಗೆಸಿ.

ಎಲ್ಲಿಗೆ ಕಳಿಸುವುದು? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಪುಕ್ಕಟೆ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ ಇದೆ. ಇನ್ನೂ ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಪಿಟಿಎಸ್‌ಡಿಗೆ ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಭೇಟಿ. ಸರ್ಟ್ರಾಲೀನ್‌ನಂಥ ಗುಳಿಗೆ ಕೊಟ್ಟರೆ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ‘ಹತ್ತು ದಿನ ತಗೊಂಡೆ, ಏನೂ ಆಗಲಿಲ್ಲ’ ಎಂದು ಬಿಟ್ಟುಬಿಡುವುದೇ ಇಲ್ಲಿ ಹೆಚ್ಚು. ವಾಹನ ಓಡಿಸುವವರು, ಬಿಎ ಸೆಟ್ (ಉಸಿರಾಟದ ಸಾಧನ) ಹಾಕಿ ಹೊಗೆಯೊಳಗೆ ಹೋಗುವವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು, ಮಂಪರು ತರುವ ಔಷಧ ತಪ್ಪಿಸಬಹುದು.

ಹೋಗದಿರಲು ಕಾರಣ ಬಹಳ ಸಲ ನೌಕರಿಯ ಭಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯ. ರಜೆಗೆ ಸರ್ಟಿಫಿಕೇಟ್ ಬೇಕಾದರೆ ಎಷ್ಟು ದಿನ ವಿಶ್ರಾಂತಿ ಅನ್ನುವಷ್ಟು ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿ. ಮೇಲಧಿಕಾರಿಯೂ ಕಾಯಿಲೆಯ ಹೆಸರು ಕೆದಕದಿದ್ದರೆ ಒಳ್ಳೆಯದು.

108ರವರದು ಬೇರೆ ಪಾಡು. ಗಾಡಿಯಲ್ಲಿರುವುದು ಪೈಲಟ್ ಅಂದರೆ ಚಾಲಕ, ಮತ್ತು ಇಎಂಟಿ ಅಂದರೆ ತುರ್ತು ಚಿಕಿತ್ಸೆಯ ಸಿಬ್ಬಂದಿ, ಇಬ್ಬರೇ. ರೋಗಿಯನ್ನು ಒಪ್ಪಿಸಿ ಸ್ಟ್ರೆಚರ್ ತೊಳೆಯುವಷ್ಟರಲ್ಲಿ ಮುಂದಿನ ಕರೆ ಬಂದಿರುತ್ತದೆ. ಅವರಿಗೆ ನಾಡಿದ್ದಿನ ಭೇಟಿ ಮತ್ತೊಂದು ಗಾಡಿಯವರಿಂದ ಫೋನಿನಲ್ಲೇ ಆಗಬೇಕಾದೀತು. ತಂದು ಹಾಕಿದ ರೋಗಿ ಏನಾದ ಅನ್ನುವುದು ಅವರಿಗೆ ತಿಳಿಯುವುದೇ ಇಲ್ಲ. ಕ್ಯಾಜುವಲ್ಟಿಯ ನರ್ಸ್ ಒಂದು ಮೆಸೇಜ್ ಹಾಕಿದರೆ, ಸುದ್ದಿ ಕೆಟ್ಟದ್ದಿದ್ದರೂ, ‘ಏನಾತೋ ಏನೋ’ ಅನ್ನುವ ಕೊರೆತ ನಿಲ್ಲುತ್ತದೆ.

ಇನ್ನು ಯಾವ ಪಟ್ಟಿಯಲ್ಲೂ ಇಲ್ಲದವರು: ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಂಡೆಯ ಈಜುಗಾರರು, ತೆಪ್ಪದ ಮೀನುಗಾರರು. ಪೊಲೀಸರು ಕರೆದಾಗ ಇಳಿದು ಹೆಣ ಎತ್ತಿಕೊಟ್ಟು ಮನೆಗೆ ಹೋಗುತ್ತಾರೆ. ಮೂರು ದಿನದ ಭೇಟಿಗೆ ಯಾರನ್ನೆಲ್ಲ ಮಾತಾಡಿಸಬೇಕು ಎಂದು ಪಟ್ಟಿ ಬರೆಯುವಾಗ ಅವರ ಹೆಸರು, ಮೊಬೈಲ್ ನಂಬರೂ ಸೇರಲಿ. ಯಾರು ಫೋನ್ ಮಾಡಬೇಕು ಅನ್ನುವುದನ್ನು ಠಾಣೆ ಮತ್ತು ಪಂಚಾಯಿತಿಯ ಪಿಡಿಒ ನೆರೆ ಬರುವ ಮೊದಲೇ, ಜೂನ್‌ನಲ್ಲೇ ಕೂತು ಗೊತ್ತು ಮಾಡಿಕೊಳ್ಳಬೇಕು.