ತೋಟ ಇಟ್ಟುಕೊಂಡು ಬೆಂಗಳೂರಲ್ಲಿ ಯಾಕಿದ್ದೀಯ?

ನಮ್ಮೂರು ಶಿರಸಿ ಕಡೆ ಅಂದರೆ ಸಾಕು, ಆಫೀಸಿನಲ್ಲಿ ಮುಂದಿನ ಪ್ರಶ್ನೆ ಇದೇ. "ಅಡಿಕೆ ತೋಟ ಇದೆಯಲ್ಲ, ಈ ಟ್ರಾಫಿಕ್‌ನಲ್ಲಿ ಯಾಕೆ ಸಾಯ್ತೀಯ?" ಊರಿನ ಮದುವೆಮನೆಗೆ ಹೋದರೆ ಅದೇ ಮಾತು, ದನಿ ಬೇರೆ: "ಮುಂದೆ ತೋಟದ ಕತೆ ಎಂತ ಮಾರಾಯ?"

ಬೇರು ಊರಿಗೆ ಎಳೆಯುತ್ತೆ ಅಂತಾರೆ. ನನ್ನನ್ನು ಹೊರಗೆ ತಳ್ಳಿದ್ದೇ ಆ ಬೇರು. ಶಿರಸಿಯ ರೂಮಿನ ಬಾಡಿಗೆ, ಇಂಜಿನಿಯರಿಂಗ್ ಫೀಸು, ಎಲ್ಲ ಅಡಿಕೆ ಮಾರಿದ ದುಡ್ಡು. "ಕೊಳೆಗೆ ಹೆದರಿ ಬದುಕೋದು ನನ್ನ ಕಾಲಕ್ಕೇ ಮುಗೀಲಿ" ಅಂತಿದ್ದ ಅಪ್ಪ.

ಕೊಳೆ ಅಂದರೆ ಮಳೆಗಾಲದಲ್ಲಿ ಎಳೆ ಅಡಿಕೆಯನ್ನು ಉದುರಿಸುವ ರೋಗ. ಅದಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಕಲಸಿದ ಮೇಲೆ ಅಪ್ಪ ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತಾನೆ. ಕೆಂಪಗಾದರೆ ಸುಣ್ಣ ಸಾಲದು. ಇಷ್ಟು ನನಗೂ ಬರುತ್ತೆ. ಆದರೆ ಮರ ಹತ್ತುವವರು ಸಿಗಬೇಕು, ಅವರು ಬಂದ ದಿನವೇ ಮಳೆ ಬಿಟ್ಟು ಹೊಳವಾಗಬೇಕು. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದ ಕೋಲು, ಬಂದಿದೆ, ನೆಲದಲ್ಲಿ ನಿಂತೇ ಹೊಡೆಯಬಹುದು. ಒಂದು ದಿನ ಹಿಡಿದು ನೋಡಿ, ಉಳಿದದ್ದನ್ನು ಕುತ್ತಿಗೆ ಹೇಳುತ್ತೆ.

2020ರ ಲಾಕ್‌ಡೌನ್‌ನಲ್ಲಿ ಏಳು ತಿಂಗಳು ಊರಲ್ಲೇ ಇದ್ದೆ. ಸಿಗ್ನಲ್ ಹುಡುಕಿ ಲ್ಯಾಪ್‌ಟಾಪ್ ಹೊತ್ತು ಸೊಪ್ಪಿನ ಬೆಟ್ಟ ಹತ್ತುತ್ತಿದ್ದೆ. ಇಲ್ಲೇ ಇದ್ದುಬಿಡಬಹುದಲ್ವಾ ಅಂತ ಅನಿಸಿದ್ದು ನಿಜ. ಆಫೀಸು ವಾಪಸ್ ಕರೆದಾಗ ನನಗಿಂತ ಮೊದಲು ಬ್ಯಾಗು ತುಂಬಿದವಳು ಆಯಿ, ನನ್ನ ಅಮ್ಮ. ಊರಲ್ಲೇ ಇದ್ದರೆ ಹೆಣ್ಣು ಸಿಗಲ್ಲ ಅನ್ನೋ ಭಯ ಅವಳದು. ಸುಮ್ನೆ ಭಯ ಅಲ್ಲ, ನಮ್ಮ ಕೇರಿಯಲ್ಲೇ ನಲವತ್ತು ದಾಟಿದ ಗಂಡುಗಳು ಮೂವರಿದ್ದಾರೆ.

ಹಾಗಾಗಿ ಸಂಬಳವೊಂದೇ ಕಾರಣ ಅಲ್ಲ. ವಾಪಸ್ ಹೋದರೆ ಅವರಿಬ್ಬರ ಇಪ್ಪತ್ತು ವರ್ಷದ ಲೆಕ್ಕ ನಾನೇ ತಪ್ಪಿಸಿದ ಹಾಗೆ. ಹೋಗದಿದ್ದರೆ ಮಳೆಗಾಲದ ರಾತ್ರಿ ನಿದ್ದೆ ಬರಲ್ಲ.

ಅಪ್ಪ ಮಾತ್ರ ಈ ಪ್ರಶ್ನೆ ಯಾವತ್ತೂ ಕೇಳಿಲ್ಲ. ಹೋದ ತಿಂಗಳು ಫೋನ್ ಮಾಡಿದವನು ಹವಾಮಾನ, ರೇಟು ಎಲ್ಲ ಮುಗಿಸಿ ಕೊನೆಗೆ ಅಂದ: "ಕೆಳಗಿನ ತೋಟದಲ್ಲಿ ಹಳೇ ಮರ ಸುಮಾರು ಹೋಗಿದೆ. ಸಸಿ ಹಾಕ್ಸ್ಲಾ?"

ಅಡಿಕೆ ಸಸಿ ಫಲ ಕೊಡೋಕೆ 5-6 ವರ್ಷ ಬೇಕು. ಅಪ್ಪನಿಗೆ ಈಗ 71.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. "ಹಾಕ್ಸು" ಅಂದೆ.