ಇಬ್ಬರ ಫಿಲ್ಟರ್

ಸಾವಾದ ಮನೆಯಲ್ಲಿ ಹದಿಮೂರನೇ ದಿನದ ವೈಕುಂಠ ಸಮಾರಾಧನೆ ಮುಗಿಯುವವರೆಗೆ ಅಡುಗೆಮನೆ ನಮ್ಮ ಕೈಯಲ್ಲಿರುವುದಿಲ್ಲ. ಅಡುಗೆಯವರು ಬರುತ್ತಾರೆ, ಓರಗಿತ್ತಿಯರು ಇರುತ್ತಾರೆ, ಕಾಫಿ ಫ್ಲಾಸ್ಕಿನಲ್ಲಿ ಬರುತ್ತದೆ. ಮನೆಯಲ್ಲಿ ಒಬ್ಬಳೇ ಅನ್ನುವುದು ಮೈಗೆ ತಟ್ಟುವುದು ನೆಂಟರೆಲ್ಲ ಬಸ್ಸು ಹತ್ತಿದ ಮರುದಿನ ಬೆಳಗ್ಗೆ ಐದೂವರೆಗೆ, ಒಲೆಯ ಮುಂದೆ ನಿಂತಾಗ. ಇದು ಆ ಬೆಳಗಿನ ಮಾತು. ಹೆಚ್ಚು ಪಾಲು ಕಾಫಿಯ ಮಾತೇ.

ಬಹುಕಾಲ ಜೊತೆಗಿದ್ದವರು ದಿನದ ಕೆಲಸಗಳನ್ನು ಹೇಳದೆ ಕೇಳದೆ ಹಂಚಿಕೊಂಡಿರುತ್ತಾರೆ. ನಮ್ಮಲ್ಲಿ ಡಿಕಾಕ್ಷನ್ ಇವರದು, ಹಾಲು ನನ್ನದು. "ರೀ, ಇಳೀತಾ?" ಅಂತ ನಾನು ಕೇಳೋದು, "ಇಳೀತಾ ಇದೆ, ನೀನು ಹಾಲಿಡು" ಅಂತ ಇವರು ಹೇಳೋದು. ಹೀಗಿದ್ದಾಗ ಒಬ್ಬರು ಹೋದರೆ ಅರ್ಧ ವಿದ್ಯೆ ಅವರ ಜೊತೆಗೇ ಹೋಗುತ್ತದೆ. ಉಳಿದವರು ಅದನ್ನು ಪಾತ್ರೆಗಳಿಂದ ಕಲಿಯಬೇಕು.

ಒಬ್ಬರಿಗೆ ಅಂದರೆ ಎಲ್ಲವೂ ಅರ್ಧ ಅಂತ ತೋಚುವುದು ಸಹಜ. ಫಿಲ್ಟರ್ ಅದಕ್ಕೆ ಒಪ್ಪುವುದಿಲ್ಲ. ನಮ್ಮದು ಸ್ಟೀಲಿನ ಚಿಕ್ಕ ಫಿಲ್ಟರ್. ಮೂರು ದೊಡ್ಡ ಚಮಚ, ಅಂದರೆ ಸುಮಾರು 20 ಗ್ರಾಂ ಪುಡಿಗೆ 150 ಮಿಲಿ ನೀರು. ಪುಡಿ ಒಂದಷ್ಟು ನೀರನ್ನು ಹಿಡಿದುಕೊಂಡು ಕೆಳಗೆ 110 ಮಿಲಿ ಗಟ್ಟಿ ಡಿಕಾಕ್ಷನ್ ಬಿಡುತ್ತದೆ. ಅದೇ ಫಿಲ್ಟರಿಗೆ ಒಂದೂವರೆ ಚಮಚ ಪುಡಿ ಹಾಕಿದರೆ, ಪಾತ್ರೆಯ ಅಗಲ ಅಷ್ಟೇ ಇರುವುದರಿಂದ ಪುಡಿ ತೆಳ್ಳಗೆ ಹರಡಿಕೊಳ್ಳುತ್ತದೆ. ನೀರು ಅಂಚಿನಲ್ಲಿ ದಾರಿ ಮಾಡಿಕೊಂಡು ಸರಸರ ಇಳಿದುಹೋಗುತ್ತದೆ. ಬಣ್ಣ ಇರುತ್ತದೆ, ರುಚಿ ಇರುವುದಿಲ್ಲ.

ಇದಕ್ಕೆ ಪರಿಹಾರವಾಗಿ ಮಕ್ಕಳು ಇನ್‌ಸ್ಟಂಟ್ ಪುಡಿ ತಂದಿಡುತ್ತಾರೆ, ಅಕ್ಕಪಕ್ಕದವರು ಒಬ್ಬರ ಫಿಲ್ಟರ್ ಕೊಳ್ಳಿ ಅನ್ನುತ್ತಾರೆ, ಅಭ್ಯಾಸ ಬದಲಾಯಿಸಿದರೆ ದುಃಖ ಬೇಗ ಕಡಿಮೆಯಾಗುತ್ತದೆ ಅಂತಲೂ ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುವುದು. ನನಗೆ ಅದು ಸರಿ ಅನ್ನಿಸುವುದಿಲ್ಲ. ಇಬ್ಬರಿಗಾಗುವಷ್ಟನ್ನೇ ಇಳಿಸಿ. ಬೆಳಗ್ಗೆ ಅರ್ಧ ಬಳಸಿ, ಉಳಿದರ್ಧವನ್ನು ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿಯಲ್ಲಿಟ್ಟರೆ ಸಂಜೆವರೆಗೆ ಚೆನ್ನಾಗಿಯೇ ಇರುತ್ತದೆ. ಅದನ್ನು ಒಲೆಯ ಮೇಲಿಟ್ಟು ಕಾಯಿಸಬಾರದು, ಕಹಿಯಾಗುತ್ತದೆ. ಬಿಸಿನೀರಿನ ಬಟ್ಟಲಲ್ಲಿ ಡಬ್ಬಿ ಇಳಿಸಿ ಬೆಚ್ಚಗೆ ಮಾಡಿಕೊಂಡು ಮೇಲೆ ಕುದಿಹಾಲು ಹಾಕಬೇಕು. ಬೆಳಗಿನ ಇವರ ಪಾಲು ಹೀಗೆ ನನ್ನ ಸಂಜೆಯ ಕಾಫಿಯಾಗುತ್ತದೆ. ಅದನ್ನು ಸಂಜೆ ನಾಲ್ಕು ಗಂಟೆ ದಾಟಿಸಬೇಡಿ. ಮೊದಲ ತಿಂಗಳುಗಳಲ್ಲಿ ರಾತ್ರಿ ನಿದ್ದೆ ಮೊದಲೇ ಬರುವುದಿಲ್ಲ.

(ಅನ್ನಕ್ಕೂ ಅರ್ಧದ ಲೆಕ್ಕ ಸಾಲದು. ದೊಡ್ಡ ಕುಕ್ಕರಿನಲ್ಲಿ ಅರ್ಧ ಪಾವು ಅಕ್ಕಿ ನೇರವಾಗಿ ಹಾಕಿದರೆ ತಳ ಹಿಡಿಯುತ್ತದೆ. ಕುಕ್ಕರಿನ ತಳಕ್ಕೆ ಒಂದು ಲೋಟ ನೀರು ಹಾಕಿ, ಒಳಗೆ ಚಿಕ್ಕ ಪಾತ್ರೆಯಲ್ಲಿ ಅಕ್ಕಿ ಇಡಬೇಕು.)

ಆ ಬೆಳಗ್ಗೆ ಪುಡಿ ಹಾಕಿ, ಹಿಡಿ ಇರುವ ತೂತಿನ ತಟ್ಟೆಯನ್ನು ಮೇಲೆ ಮೆಲ್ಲಗೆ ಇಟ್ಟೆ. ಅದನ್ನು ಅದುಮಿದರೆ ಪುಡಿ ಬಿಗಿದುಕೊಂಡು ಒಂದು ಹನಿಯೂ ಇಳಿಯುವುದಿಲ್ಲ. ಕುದಿಯುವ ನೀರನ್ನು ಒಲೆಯಿಂದಿಳಿಸಿ ಮೊದಲು ಪುಡಿ ನೆನೆಯುವಷ್ಟು, ಅರೆನಿಮಿಷ ಬಿಟ್ಟು ಉಳಿದದ್ದು. ಸ್ವಲ್ಪ ಹೊತ್ತು ಹನಿ ಬಿತ್ತು, ಆಮೇಲೆ ನಿಂತಿತು. ಮೇಲೆ ನೀರು ಹಾಗೇ ಇದೆ.

ಮೇಲಿನ ಪಾತ್ರೆಯನ್ನು ಒಂದು ಬೆರಳಿನಷ್ಟು ಎತ್ತಿ ಕೆಳಗಿನದನ್ನು ನೋಡಿ ಮತ್ತೆ ಕೂರಿಸಿದೆ. ಟಣ್ ಅಂತ ಸದ್ದಾಯಿತು. ಹನಿ ಮತ್ತೆ ಶುರುವಾಯಿತು.

ಆ ಸದ್ದನ್ನು ನಾನು ಮದುವೆಯಾದಾಗಿನಿಂದ ಹಾಸಿಗೆಯಲ್ಲೇ ಮಲಗಿ ಕೇಳಿದ್ದೇನೆ. ಯಾಕೆ ಬರುತ್ತದೆ ಅಂತ ಕೇಳಿರಲಿಲ್ಲ. ಕಾರಣ ಗಾಳಿ. ಎರಡು ಪಾತ್ರೆ ಸೇರುವ ಕಡೆ ತೇವವಾಗಿ ಬಿಗಿಯಾದರೆ ಕೆಳಗಿನ ಗಾಳಿ, ಹಬೆ ಹೊರಗೆ ಹೋಗಲು ಜಾಗ ಸಿಗುವುದಿಲ್ಲ. ಅದು ಒಳಗಿನಿಂದ ಒತ್ತಿ ಹನಿಯನ್ನು ತಡೆಯುತ್ತದೆ. ಒಂದು ಸಲ ಎತ್ತಿಟ್ಟರೆ ಗಾಳಿ ಹೊರಟುಹೋಗುತ್ತದೆ. ಇವರು ದಿನಾ ಅದನ್ನೇ ಮಾಡುತ್ತಿದ್ದರು. ಸಮಾರಾಧನೆಯ ಗದ್ದಲದಲ್ಲಿ ಬಾರದಿದ್ದ ಅಳು ಆಗ ಬಂತು. ಹಾಲು ಉಕ್ಕಿತು, ಒಲೆ ಆರಿಸಿ ಅಲ್ಲೇ ಕೂತು ಅತ್ತೆ.

ತೊಳೆಯುವಾಗ ಮೇಲಿನ ಪಾತ್ರೆಯ ತಳ ನೋಡಿದೆ, ತೂತುಗಳ ಸುತ್ತ ಸ್ಟೀಲು ನೀಲಿ ತಿರುಗಿತ್ತು. ಪುಡಿಯ ಸಣ್ಣ ಕಣಗಳು, ಕಾಫಿಯ ಜಿಡ್ಡು ತೂತುಗಳಲ್ಲಿ ಕಟ್ಟಿಕೊಳ್ಳುತ್ತವೆ. ಬ್ರಷ್ಷಿಗೆ ಅವು ಬಿಡುವುದಿಲ್ಲ. ಖಾಲಿ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ತಳವನ್ನು ಉರಿಗೆ ತೋರಿಸಿದರೆ ಒಳಗಿನದು ಸುಟ್ಟು ಬೂದಿಯಾಗುತ್ತದೆ, ಆರಿದ ಮೇಲೆ ತಟ್ಟಿದರೆ ಉದುರುತ್ತದೆ. ತಿಂಗಳಿಗೊಮ್ಮೆ ಸಾಕು. ಆಮೇಲೆ ಬೆಳಕಿಗೆ ಹಿಡಿದು ನೋಡಿ, ಎಲ್ಲ ತೂತೂ ಕಾಣಬೇಕು. ಆ ನೀಲಿ ಬಣ್ಣ ಇವರ ಕೈಕೆಲಸ. ಪಾತ್ರೆ ತಿಕ್ಕುವವಳಿಗೆ ಅದನ್ನು ಹುಳಿ ಹಾಕಿ ಉಜ್ಜಬೇಡಮ್ಮ ಅಂತ ಹೇಳಿದ್ದೇನೆ.

ಇವರ ಲೋಟವನ್ನು ಒಳಗಿಟ್ಟುಬಿಡಿ ಅಂತ ಯಾರಾದರೂ ಹೇಳಿದರೆ ಅವಸರ ಮಾಡಬೇಡಿ. ನಾನು ಅದನ್ನೇ ಡಿಕಾಕ್ಷನ್ ಅಳೆಯಲು ಇಟ್ಟುಕೊಂಡಿದ್ದೇನೆ. ಅದರ ಕಾಲು ಭಾಗ ಡಿಕಾಕ್ಷನ್ನಿಗೆ ಅರ್ಧ ಲೋಟ ಹಾಲು ನನ್ನ ಹದ. ಹಾಲನ್ನು ಒಂದೇ ಸಲ ಕಾಯಿಸಿ ಹಾಕಬೇಕು. ಮತ್ತೆ ಮತ್ತೆ ಕಾಯಿಸಿದ ಹಾಲಿನ ವಾಸನೆ ಕಾಫಿಯನ್ನು ಕೆಡಿಸುತ್ತದೆ. ಅರ್ಧ ಲೀಟರ್ ಪ್ಯಾಕೆಟ್ ಒಬ್ಬರಿಗೆ ಮಿಗುತ್ತದಾದ್ದರಿಂದ ಉಳಿದದ್ದಕ್ಕೆ ಉಗುರುಬೆಚ್ಚಗಿರುವಾಗ ಹೆಪ್ಪು ಹಾಕಿಬಿಡುವುದು.

ಡಬ್ಬಿಯಲ್ಲಿದ್ದ ಪುಡಿ, ಇವರು ತಂದದ್ದು, ಒಂದು ದಿನ ಮುಗಿಯಿತು. ಕಾಲು ಕೆ.ಜಿ. ಹನ್ನೆರಡು ದಿನಕ್ಕೆ ಬರುತ್ತದೆ. ಅದಕ್ಕಿಂತ ಹೆಚ್ಚು ಒಟ್ಟಿಗೆ ತಂದರೆ ಘಮ ಹೋಗುತ್ತದೆ. ಪುಡಿ ಅಂಗಡಿಯವರು ನನ್ನನ್ನು ನೋಡಿ, "ಯಜಮಾನರ ಲೆಕ್ಕಾನೇನಾ ಅಮ್ಮಾ, 70:30?" ಅಂದರು. ಎಪ್ಪತ್ತು ಪಾಲು ಕಾಫಿಗೆ ಮೂವತ್ತು ಪಾಲು ಚಿಕೋರಿ ಬೇರಿನ ಪುಡಿ ಅಂತ. ಇವರಿಗೆ ಚಿಕೋರಿ ಹೆಚ್ಚು ಬೇಕಿತ್ತು, ಗಟ್ಟಿ ಬಣ್ಣಕ್ಕೆ. ನನಗೆ ಆ ಕಹಿ ಯಾವತ್ತೂ ಹಿಡಿಸಿರಲಿಲ್ಲ, ಇವರಿಗಾಗಿ ಕುಡಿಯುತ್ತಿದ್ದೆ. ಆವತ್ತು 80:20 ಹಾಕಿಸಿಕೊಂಡೆ. ಚಿಕೋರಿ ಕಡಿಮೆಯಾದರೆ ನೀರು ಬೇಗ ಇಳಿಯುತ್ತದೆ, ಡಿಕಾಕ್ಷನ್ ತೆಳುವಾಗುತ್ತದೆ. ಅರ್ಧ ಚಮಚ ಪುಡಿ ಹೆಚ್ಚು ಹಾಕಬೇಕು.